ಕೆಳಗೆ ಸಹಿ ಮಾಡಿದವರು

ಬಂದವರಿಗೆ ಮೊದಲ ದಿನ ಊಟ ಹಾಕುವುದು ನಮ್ಮ ಕಡೆ ದೊಡ್ಡ ಸಂಗತಿಯೇ ಅಲ್ಲ. 2009ರ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿ ರಾಯಚೂರು ಜಿಲ್ಲೆಯ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಓಣಿಗೊಂದು ಒಲೆ ಹೂಡಿ ಹೆಂಗಸರು ಕಡಕ್ ರೊಟ್ಟಿ ಬಡಿದರು, ಶೇಂಗಾ ಹಿಂಡಿ ಕುಟ್ಟಿದರು, ಗಂಡಸರು ಅದನ್ನು ಚೀಲಕ್ಕೆ ತುಂಬಿ ಟ್ರ್ಯಾಕ್ಟರಿಗೆ ಹೇರಿದರು. ಹಸಿದವರು ಕಣ್ಣೆದುರಿಗಿದ್ದರೆ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ಬಂದವರು ಉಳಿದುಬಿಟ್ಟರೆ ಕಷ್ಟ ಶುರುವಾಗುತ್ತದೆ. ಹತ್ತು ವರ್ಷ, ಇಪ್ಪತ್ತು ವರ್ಷ, ಅವರ ಮೊಮ್ಮಕ್ಕಳು ಕಾಲೇಜಿಗೆ ಹೋಗುವವರೆಗೆ ಉಳಿದರೆ? ಆಗ ರೊಟ್ಟಿಯನ್ನು ಯಾರೂ ಕೇಳುವುದಿಲ್ಲ. ಒಂದು ಸಹಿ ಕೇಳುತ್ತಾರೆ. ರೊಟ್ಟಿ ಕೊಟ್ಟಷ್ಟು ಸಲೀಸಾಗಿ ಸಹಿ ಕೊಡುವವರು ನಮ್ಮಲ್ಲಿ ಕಡಿಮೆ.

ನಾನಿರುವುದು ಸಿಂಧನೂರಿನಲ್ಲಿ. ಈ ತಾಲ್ಲೂಕಿನ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ನೆಲ್ಲು, ರೈಸ್ ಮಿಲ್ಲು, ಎಡದಂಡೆ ನಾಲೆಯ ನೀರಿನ ಜಗಳ ಇಷ್ಟೇ. ಇಲ್ಲಿ ಐದು ಪುನರ್ವಸತಿ ಕ್ಯಾಂಪುಗಳಿವೆ ಎಂದರೆ ಬೆಂಗಳೂರಿನ ಗೆಳತಿಯರು ಈಗಲೂ ಹುಬ್ಬೇರಿಸುತ್ತಾರೆ. ಆರ್.ಎಚ್. ಕ್ಯಾಂಪ್ ಒಂದರಿಂದ ನಾಲ್ಕರವರೆಗೆ ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ ಬಂದ ಬಂಗಾಳಿಗಳು, ಐದರಲ್ಲಿ ಬರ್ಮಾದಿಂದ ಬಂದ ತಮಿಳರು. ಬರ್ಮಾದಲ್ಲಿ 1962ರಲ್ಲಿ ನೆ ವಿನ್ ಸೇನೆಯ ಬಲದಿಂದ ಅಧಿಕಾರ ಹಿಡಿದು, ಮುಂದೆ ಅಂಗಡಿ ಮುಂಗಟ್ಟುಗಳನ್ನೆಲ್ಲ ಸರ್ಕಾರದ ವಶಕ್ಕೆ ತೆಗೆದುಕೊಂಡ ಮೇಲೆ ಅಲ್ಲಿ ತಲೆಮಾರುಗಳಿಂದ ಇದ್ದ ಭಾರತೀಯ ಮೂಲದವರು ಬರಿಗೈಯಲ್ಲಿ ಹಡಗು ಹತ್ತಬೇಕಾಯಿತು. ಬಂಗಾಳಿಗಳ ಕತೆ ಬೇರೆ. 1964ರ ಗಲಭೆಗಳ ನಂತರ ಗಡಿ ದಾಟಿದವರ ದೊಡ್ಡ ಅಲೆಯೊಂದು ಬಂತು. ಪಶ್ಚಿಮ ಬಂಗಾಳ ತನ್ನಲ್ಲಿ ಜಾಗವಿಲ್ಲವೆಂದಿತು. ಹಾಗಾಗಿ ದಂಡಕಾರಣ್ಯಕ್ಕೆ, ಇನ್ನೂ ಎಲ್ಲೆಲ್ಲಿಗೋ ಅವರನ್ನು ಕಳಿಸಿದರು. ರಾಯಪುರದ ಹತ್ತಿರದ ಮಾನಾ ಶಿಬಿರದಲ್ಲಿ ವರ್ಷಗಟ್ಟಲೆ ಡೇರೆಯಲ್ಲಿ ಕಾದವರೂ ಇದ್ದರು. ಸಿಂಧನೂರಿನ ಪಾಲಿಗೆ ಬಂದವರು ಇಳಿದದ್ದು 1970ರ ಆಸುಪಾಸಿನಲ್ಲಿ. ಕುಟುಂಬಕ್ಕೆ 5 ಎಕರೆ ಎಂಬುದು ಕ್ಯಾಂಪಿನ ಹಿರಿಯರೆಲ್ಲ ಹೇಳುವ ಲೆಕ್ಕ.

ಕಾಲಿಟ್ಟಲ್ಲೆಲ್ಲ ನೀರು ಕಂಡು ಬೆಳೆದವರು ಅವರು. ಬೇಸಿಗೆಯಲ್ಲಿ ಬಾಯಿ ಬಿಡುವ ನಮ್ಮ ಎರೆಹೊಲ ನೋಡಿ ಏನೆಂದುಕೊಂಡರೋ. ನಮ್ಮವರು ಜೋಳ, ಹತ್ತಿ ಬಲ್ಲವರು. ಅವರು ಗದ್ದೆ ಬಲ್ಲವರು. ಕೂರಿಗೆ ಹಿಡಿಯುವುದನ್ನು ಇವರು ಕಲಿಸಿದರಂತೆ, ಸಸಿ ನಾಟುವುದನ್ನು ಅವರು ತೋರಿಸಿದರಂತೆ. ಎಷ್ಟು ನಿಜವೋ, ಎಷ್ಟು ಆಮೇಲೆ ಸೇರಿಸಿದ್ದೋ, ಎರಡೂ ಕಡೆಯವರು ಸಂಭ್ರಮದಿಂದ ಹೇಳುವ ಕತೆ ಇದು. ನನಗೆ ಹೆಚ್ಚು ನಂಬಿಕೆ ಇರುವುದು ಮಂಡಾಳಿನ, ಅಂದರೆ ಮಂಡಕ್ಕಿಯ ಮೇಲೆ. ನಮ್ಮದು ಮಂಡಾಳು ಒಗ್ಗರಣಿ-ಮಿರ್ಚಿ, ಅದೇ ಮಂಡಾಳಿಗೆ ಅವರು ಮುಡಿ ಎನ್ನುತ್ತಾರೆ. ಸಾಸಿವೆ ಎಣ್ಣೆ ಸಿಗದಿದ್ದಾಗ ಶೇಂಗಾ ಎಣ್ಣೆಯಲ್ಲೇ ಕಲಸಿ ತಿಂದೆವು ಎಂದು ಅಲ್ಲಿನ ಮುದುಕಿಯೊಬ್ಬರು ಹೇಳುವಾಗ ಅದರಲ್ಲಿ ಇನ್ನೂ ಸ್ವಲ್ಪ ದೂರು ಇತ್ತು.

ನಾನು ಕೆಲಸ ಮಾಡಿದ್ದು ಬ್ಯಾಂಕಿನಲ್ಲಿ, ಕೌಂಟರಿನ ಹಿಂದೆ. ಆಗೆಲ್ಲ ಖಾತೆ ತೆರೆಯುವ ಅರ್ಜಿಯ ಕೆಳಗೆ ಪರಿಚಯದಾರರ ಸಹಿಗೆಂದು ಒಂದು ಜಾಗ ಇರುತ್ತಿತ್ತು. ಈಗಾಗಲೇ ಖಾತೆ ಇರುವವರೊಬ್ಬರು 'ಇವರು ನನಗೆ ಗೊತ್ತು' ಎಂದು ಅಲ್ಲಿ ಸಹಿ ಹಾಕಬೇಕು. ಊರಿಗೆ ಹೊಸಬರಾದವರಿಗೆ ಅದೇ ಮೊದಲ ಬಾಗಿಲು, ಅದೇ ಮುಚ್ಚಿದ ಬಾಗಿಲು. ಕ್ಯಾಂಪಿನವರಿಗೆ ಸಹಿ ಹಾಕಿದವರು ಯಾರು ಎಂದು ನೋಡುವುದು ನನಗೆ ಒಂದು ಚಟವಾಗಿತ್ತು. ಅಡತಿ ಅಂಗಡಿಯವರು ಹಾಕುತ್ತಿದ್ದರು, ನೆಲ್ಲು ತಮ್ಮ ಅಂಗಡಿಗೇ ಬರಲಿ ಅಂತ. ಗೊಬ್ಬರದ ಅಂಗಡಿಯವರು ಹಾಕುತ್ತಿದ್ದರು, ಉದ್ರಿ ವಸೂಲಿಗೆ ದಾರಿಯಾಗಲಿ ಅಂತ. ಇದರಲ್ಲಿ ಪುಣ್ಯದ ಮಾತೇನೂ ಇಲ್ಲ. ಆದರೆ ಪುಣ್ಯಕ್ಕಾಗಿ ಕಂಬಳಿ ಹಂಚಿ ಫೋಟೊ ತೆಗೆಸಿಕೊಂಡು ಹೋದವರಿಗಿಂತ ಲಾಭಕ್ಕಾಗಿ ಸಹಿ ಹಾಕಿದ ಈ ಅಡತಿಯವರಿಂದ ಆ ಜನಕ್ಕೆ ಹೆಚ್ಚು ಉಪಕಾರವಾಯಿತು ಎಂಬುದು ನಾನು ಕಣ್ಣಾರೆ ಕಂಡ ಮಾತು. ಖಾತೆ ಬಂದರೆ ಬೆಳೆಸಾಲ. ಬೆಳೆಸಾಲ ಬಂದರೆ ಬಡ್ಡಿಯವನ ಮನೆ ಮೆಟ್ಟಿಲು ತಪ್ಪಿತು.

ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದ್ದ ಒಂದು ಸಹಿ ಉರ್ದುವಿನಲ್ಲಿರುತ್ತಿತ್ತು. ಅದು ಸೈಕಲ್ ಅಂಗಡಿಯ ಚಾಚಾನದು, ನಿಜಾಮರ ಕಾಲದ ಶಾಲೆಯಲ್ಲಿ ಅಕ್ಷರ ಕಲಿತವರು. ಅವರಿಗೆ ನೆಲ್ಲಿನ ವ್ಯಾಪಾರವಿರಲಿಲ್ಲ, ಗೊಬ್ಬರದ ಉದ್ರಿಯೂ ಇರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ.

"ಚಾಚಾ, ಇಷ್ಟು ಮಂದಿಗೆ ಸಹಿ ಮಾಡ್ತೀರಲ್ಲ, ನಾಳೆ ಏನಾರ ಆದ್ರ?"

"ನನ್ನ ಅಂಗಡ್ಯಾಗ ತಾಸಿನ ಲೆಕ್ಕದಾಗ ಬಾಡಿಗಿ ಸೈಕಲ್ ಒಯ್ತಾರ ಬೇಟಿ. ಇವ್ರಾಗ ಒಬ್ರೂ ಸೈಕಲ್ ತಗೊಂಡು ಓಡಿ ಹೋಗಿಲ್ಲ. ಇದಕ್ಕಿಂತ ದೊಡ್ಡ ಗುರ್ತು ಏನ್ ಬೇಕು ನಿಮ್ಮ ಬ್ಯಾಂಕಿಗೆ?"

ನಮ್ಮ ಮ್ಯಾನೇಜರರು ಸಾಲ ಕೊಡುವಾಗ ನೋಡುತ್ತಿದ್ದ ಕಾಗದಪತ್ರಗಳಿಗಿಂತ ಇದು ಗಟ್ಟಿ ಲೆಕ್ಕ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಸರ್ಕಾರವೇ ಕರೆತಂದು ನೆಲ ಕೊಟ್ಟ ಕುಟುಂಬಗಳ ಹೆಸರು ಹೇಗೋ ಒಂದು ರಿಜಿಸ್ಟರಿನಲ್ಲಿ ಉಳಿಯಿತು. ತೊಡಕು ಬಂದದ್ದು ಅವರ ಹಿಂದೆ ಬಂದವರಿಗೆ. ಅಣ್ಣ ಇಲ್ಲಿದ್ದಾನೆಂದು ತಮ್ಮ ಬಂದ, ತವರು ಸುಟ್ಟುಹೋಯಿತೆಂದು ತಂಗಿ ಬಂದಳು. ಎಪ್ಪತ್ತರ ದಶಕದ ಕೊನೆಗೆ, ಎಂಬತ್ತರಲ್ಲಿ, ಆಮೇಲೂ. ಅವರಿಗೆ ಪಟ್ಟಿಯಲ್ಲಿ ಹೆಸರಿಲ್ಲ, ಎಕರೆಯೂ ಇಲ್ಲ. ನಮ್ಮ ದೇಶಕ್ಕೆ ನಿರಾಶ್ರಿತರಿಗೆಂದೇ ಮಾಡಿದ ಕಾನೂನು ಇಲ್ಲ. 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಕಾನೂನಿನ ಕಣ್ಣಿಗೆ ಒಬ್ಬರು ಪ್ರಜೆ, ಇಲ್ಲವೇ ಪರದೇಶಿ. ನಡುವೆ ನಿಲ್ಲಲು ಜಾಗವಿಲ್ಲ.

ಇದು ಮನೆಯೊಳಗೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಒಬ್ಬ ತಾಯಿಯ ಇಬ್ಬರು ಗಂಡುಮಕ್ಕಳ ಸಂಗತಿ ಹೇಳಬೇಕು. ಅಪ್ಪ ಅಮ್ಮ ಇಬ್ಬರೂ 1983ರಲ್ಲಿ ಕಾಗದವಿಲ್ಲದೆ ಬಂದವರು. ಹಿರಿಯ ಮಗ 1986ರಲ್ಲಿ ಹುಟ್ಟಿದ, ಕಿರಿಯ 1989ರಲ್ಲಿ. ಇಬ್ಬರೂ ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ, ಓದಿದ್ದು ಒಂದೇ ಕನ್ನಡ ಶಾಲೆಯಲ್ಲಿ. 1955ರ ಪೌರತ್ವ ಕಾಯ್ದೆಯ ಪ್ರಕಾರ 1987ರ ಜುಲೈ 1ಕ್ಕಿಂತ ಮೊದಲು ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆ ದಿನದಿಂದಾಚೆ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದಾಚೆ ಹುಟ್ಟಿದವರಿಗೆ ಇನ್ನೂ ಬಿಗಿ: ಒಬ್ಬರು ಪ್ರಜೆಯಾಗಿರಬೇಕು, ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ಅಣ್ಣ ಈ ದೇಶದವನು, ತಮ್ಮ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ತಮ್ಮನಿಗೆ ಇದು ಗೊತ್ತಾದದ್ದೇ ಮದುವೆಯಾಗಿ ಮಗುವಾದ ಮೇಲೆ, ಪಾಸ್‌ಪೋರ್ಟ್ ಮಾಡಿಸಿ ಗಲ್ಫಿಗೆ ಹೋಗೋಣವೆಂದು ಯಾರೋ ಆಸೆ ಹಚ್ಚಿದಾಗ.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2024ರ ಮಾರ್ಚ್ 11ರಂದು. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು ಅರ್ಜಿ ಹಾಕಬಹುದು. 11 ವರ್ಷದ ವಾಸದ ಷರತ್ತು ಅವರಿಗೆ 5 ವರ್ಷಕ್ಕೆ ಇಳಿಯಿತು. 2024ರ ಆಗಸ್ಟಿನಲ್ಲಿ ನಮ್ಮ ಕ್ಯಾಂಪುಗಳ ಐವರಿಗೆ ಪ್ರಮಾಣಪತ್ರ ಸಿಕ್ಕಿತು, ಕರ್ನಾಟಕದಲ್ಲಿ ಈ ಕಾಯ್ದೆಯಡಿ ಮೊದಲಿಗರಾಗಿ. ಕ್ಯಾಂಪಿನಲ್ಲಿ ಸಿಹಿ ಹಂಚಿದರು. ನಾನೂ ತಿಂದೆ. ಮುಸ್ಲಿಮರನ್ನು ಹೊರಗಿಟ್ಟ ಈ ಕಾಯ್ದೆ ನನಗೆ ಹಿಡಿಸಿದ್ದಲ್ಲ, ಅದನ್ನು ಬಾಯಿಬಿಟ್ಟು ಹೇಳಿದ್ದೇನೆ. ಬಂಗಾಳಿಗಳಿಗೆ ಪರಿಚಯದ ಸಹಿ ಹಾಕುತ್ತ ಬಂದ ಚಾಚಾನಂಥವರೊಬ್ಬರು ಅದೇ ಗಡಿ ದಾಟಿ ಬಂದಿದ್ದರೆ ಈ ಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ. ಆದರೂ ನಲವತ್ತು ವರ್ಷ ಕಾದ ಮನುಷ್ಯನ ಕೈಗೆ ಕಾಗದ ಬಂದಾಗ ಅದನ್ನು ಕಿತ್ತುಕೊಂಡು ತತ್ವ ಹೇಳುವ ಮನಸ್ಸು ನನಗಿಲ್ಲ. ಎರಡೂ ಮಾತು ಒಟ್ಟಿಗೆ ಹೊಟ್ಟೆಯಲ್ಲಿಟ್ಟುಕೊಂಡೇ ನಾನು ಅರ್ಜಿ ತುಂಬುವುದು.

ಹೌದು, ನಿವೃತ್ತಿಯ ನಂತರ ನಾವು ಕೆಲವರು ಸೇರಿ ಮಾಡುತ್ತಿರುವುದು ಈ ಅರ್ಜಿ ತುಂಬುವ ಕೆಲಸವನ್ನೇ. ನಮ್ಮದು ಸಂಘ ಅಲ್ಲ, ಹೆಸರಿಲ್ಲ, ಬ್ಯಾನರೂ ಇಲ್ಲ. ಒಬ್ಬರು ಹೈಸ್ಕೂಲ್ ಮಾಸ್ತರು, ಒಬ್ಬರು ನೋಟರಿ ವಕೀಲರು, ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು ಒಬ್ಬರು, ಝೆರಾಕ್ಸ್ ಅಂಗಡಿಯ ಹುಡುಗ, ನಾನು. ಆ ಹುಡುಗನಿಲ್ಲದಿದ್ದರೆ ಉಳಿದ ನಾಲ್ವರೂ ನಿರುಪಯೋಗಿಗಳು. ಪೋರ್ಟಲ್ಲಿಗೆ ಯಾವ ಅಳತೆಯ ಫೋಟೊ ಹತ್ತುತ್ತದೆ, ಯಾವ ಹೊತ್ತಿನಲ್ಲಿ ಸರ್ವರ್ ಕಣ್ಣು ಬಿಡುತ್ತದೆ ಎಂಬುದೆಲ್ಲ ಅವನಿಗೇ ಗೊತ್ತು.

ಕೆಲಸದಲ್ಲಿ ಮುಕ್ಕಾಲು ಪಾಲು ಹೆಸರಿನ ಜಗಳ. ರೇಷನ್ ಕಾರ್ಡಿನಲ್ಲಿ ಮಂಡಲ, ಶಾಲೆಯ ದಾಖಲೆಯಲ್ಲಿ ಮೊಂಡಲ್, ಆಧಾರಿನಲ್ಲಿ ಮತ್ತೊಂದು. ಒಂದು ಮನೆಯಲ್ಲಿ ಅಪ್ಪ ಬಿಸ್ವಾಸ್, ಮಗ ವಿಶ್ವಾಸ. ಬಿಸ್ವಾಸ್ ಎಂಬುದು ಬಾಯಿ ತೊದಲಿದ್ದಿರಬೇಕೆಂದು ಒಂದನೇ ಇಯತ್ತೆಯ ಮಾಸ್ತರರು ಶುದ್ಧ ಮಾಡಿ ಬರೆದಿದ್ದರು! ಪ್ರೀತಿಯಿಂದಲೇ ಬರೆದದ್ದು. ಮೂವತ್ತು ವರ್ಷದ ನಂತರ ಆ ಒಂದು ಶುದ್ಧಾಕ್ಷರಕ್ಕೆ ಅಫಿಡವಿಟ್ಟು, ಪತ್ರಿಕಾ ಪ್ರಕಟಣೆ, ತಹಶೀಲ್ ಕಚೇರಿಗೆ ಓಡಾಟ.

ಮತ್ತೆ ಅದೇ ಸಹಿ. ಈ ಅರ್ಜಿಯ ಜೊತೆ ಅರ್ಜಿದಾರರ ನಡತೆ ಒಳ್ಳೆಯದೆಂದು ಒಬ್ಬ ಭಾರತೀಯ ಪ್ರಜೆ ಅಫಿಡವಿಟ್ ಕೊಡಬೇಕು. ಬ್ಯಾಂಕಿನ ಪರಿಚಯದಾರರ ಜಾಗವನ್ನು ಈ ನಡುವೆ ತೆಗೆದುಹಾಕಿಬಿಟ್ಟರು, ಆಧಾರ್ ಬಂತು. ಹಾಗಿದ್ದೂ ಕೊನೆಗೆ ದೇಶವೇ ಬಂದು 'ಇವರು ನಿಮಗೆ ಗೊತ್ತೇನು?' ಎಂದು ಪಕ್ಕದ ಮನೆಯವರನ್ನು ಕೇಳುತ್ತಿದೆ. ಸುಳ್ಳು ಹೇಳಿದರೆ ಸಹಿ ಮಾಡಿದವರ ಕುತ್ತಿಗೆಗೆ ಬರುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ನಮ್ಮ ಕಂದಾಯದ ಹಿರಿಯರು ಮೊದಲ ದಿನವೇ ಹೇಳಿಬಿಟ್ಟಿದ್ದರು. "ನಾ ಎಷ್ಟ್ ಬೇಕಾದ್ರೂ ಬರೀತೀನ್ರಿ ಅಕ್ಕಾರ, ಪಹಣಿ ಹುಡುಕ್ತೀನಿ, ಆಫೀಸಿಗೆ ಅಡ್ಡಾಡ್ತೀನಿ. ಸಹಿ ಒಂದ್ ಕೇಳಬ್ಯಾಡ್ರಿ." ನನ್ನ ಮಗ ಬೆಂಗಳೂರಿನಿಂದ ಫೋನು ಮಾಡಿ, "ಅವ್ವಾ, ಪೆನ್ಶನ್ ತಗೊಂಡು ಆರಾಮ ಇರೋದು ಬಿಟ್ಟು ಇದ್ಯಾಕ ಬೇಕು ನಿನಗ?" ಎಂದ. ಊರಿನಲ್ಲಿ ಇಬ್ಬರು ಮೂವರು ದೊಡ್ಡ ಮನುಷ್ಯರು, ಕ್ಯಾಂಪಿನ ದುರ್ಗಾ ಪೂಜೆಗೆ ಪ್ರತಿ ವರ್ಷ ಶಾಲು ಹೊದ್ದು ಬರುವವರು, ಸಹಿಯ ಮಾತೆತ್ತಿದ ಕೂಡಲೇ ಪ್ರವಾಸದಲ್ಲಿರುತ್ತಾರೆ.

ಅಂಜಿಕೆಯನ್ನು ಬೈದು ಓಡಿಸಲಾಗದು. ನಾವು ಒಂದು ಕಟ್ಟುಪಾಡು ಮಾಡಿಕೊಂಡೆವು: ನಿಜವಾಗಿ ಗೊತ್ತಿರುವವರಿಗೆ ಮಾತ್ರ ಸಹಿ. ಗೊತ್ತಿಲ್ಲದಿದ್ದರೆ ಮೊದಲು ಗೊತ್ತು ಮಾಡಿಕೊಳ್ಳುವುದು. ಹಾಗಾಗಿ ಸಹಿ ಹಾಕಬಲ್ಲವರನ್ನು ಕ್ಯಾಂಪಿಗೆ ಕರೆದೊಯ್ಯತೊಡಗಿದೆವು, ಚಾಪೆಯ ಮೇಲೆ ಕೂತು ಚಹಾ ಕುಡಿಸತೊಡಗಿದೆವು. ಆಗ ಗೊತ್ತಾದದ್ದು, ಪರಿಚಯ ಮೊದಲೇ ಇತ್ತು, ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೇ. ಒಬ್ಬಾಕೆ ಸ್ವಸಹಾಯ ಸಂಘದಲ್ಲಿ ಹದಿನೈದು ವರ್ಷದಿಂದ ಪಕ್ಕದಲ್ಲೇ ಕೂತು ವಾರದ ಉಳಿತಾಯ ಕಟ್ಟುತ್ತಿದ್ದಾಳೆ. ಒಬ್ಬ ಹುಡುಗ ತಾಲ್ಲೂಕು ಟೂರ್ನಮೆಂಟಿನಲ್ಲಿ ಕ್ಯಾಂಪಿನ ವೇಗದ ಬೌಲರನಿಂದ ಹಲ್ಲು ಮುರಿಸಿಕೊಂಡಿದ್ದಾನೆ. ಒಬ್ಬರು ಪ್ರತಿ ಭಾನುವಾರ ಇವರ ಹತ್ತಿರವೇ ಮೀನು ಕೊಳ್ಳುವವರು. ಹಲ್ಲು ಮುರಿಸಿಕೊಂಡವನೇ ಮೊದಲು ಸಹಿ ಹಾಕಿದ್ದು.

ಅರ್ಜಿಯಲ್ಲಿ ಇನ್ನೊಂದು ಘೋಷಣೆ ಇದೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ ಒಂದು ಭಾಷೆ ತನಗೆ ಚೆನ್ನಾಗಿ ಬರುತ್ತದೆಂದು ಅರ್ಜಿದಾರರು ಹೇಳಬೇಕು. ಬಂಗಾಳಿಯೂ ಆ ಪಟ್ಟಿಯಲ್ಲಿದೆ, ಹಾಗಾಗಿ ನಾನು ಕೇಳದೆಯೇ ಬರೆಯುತ್ತಿದ್ದೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಪೆನ್ನು ಹಿಡಿದ ನನ್ನ ಕೈ ತಡೆದರು. "ಕನ್ನಡ ಅಂತ ಬರೀರಿ ದಿದಿ. ಸಂತ್ಯಾಗ ಜಗಳ ಆಡಾದು ಕನ್ನಡದಾಗೇ."

ಊರು ಇವರನ್ನು ಹೂವಿನ ಹಾಗೆ ನೋಡಿಕೊಂಡಿತು ಎಂದು ಬರೆದರೆ ಕ್ಯಾಂಪಿನವರೇ ನಕ್ಕಾರು. 'ಬಾಂಗ್ಲಾದವರು' ಎಂಬುದನ್ನು ಬೈಗುಳವಾಗಿ ಬಳಸುವವರು ಇದ್ದಾರೆ. ಮೀನಿನ ವಾಸನೆಯ ನೆಪ ಹೇಳಿ ಬಾಡಿಗೆ ಮನೆ ಕೊಡದವರು ಇದ್ದಾರೆ. ಕ್ಯಾಂಪಿನ ಬಹುಪಾಲು ಜನ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರಿಲ್ಲ. ಗಡಿಯಾಚೆಯಿಂದ ಜಾತಿಯ ಪೆಟ್ಟು ಜೊತೆಗೇ ಬಂತು, ಜಾತಿಯ ಪ್ರಮಾಣಪತ್ರ ಬರಲಿಲ್ಲ. ಇದಕ್ಕಾಗಿ ಅವರು ಮನವಿ ಕೊಡುತ್ತಲೇ ಇದ್ದಾರೆ, ಚುನಾವಣೆ ಬಂದಾಗ ಭರವಸೆ ಸಿಗುತ್ತಲೇ ಇದೆ. ಇರುವ ಐದೆಕರೆ ಮಕ್ಕಳು ಮೊಮ್ಮಕ್ಕಳಿಗೆ ಹಂಚಿ ತುಂಡಾಗಿರುವುದರಿಂದ ಹುಡುಗರು ನಮ್ಮ ಹುಡುಗರ ಹಾಗೆಯೇ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ರಾಯಚೂರಿನವರಿಗೆ ಗುಳೆ ಹೊಸದಲ್ಲ. ತಗಡಿನ ಶೆಡ್ಡು, ಮೇಸ್ತ್ರಿಯ ಬೈಗುಳ, 'ಯಾವ ಕಡೆಯವರು ನೀವು' ಎಂಬ ಪ್ರಶ್ನೆ ಎಲ್ಲವನ್ನೂ ಉಂಡವರು ನಾವು. ಕ್ಯಾಂಪಿನ ಹುಡುಗನೊಬ್ಬನನ್ನು ಅಲ್ಲಿ ರಾತ್ರಿ ನಿಲ್ಲಿಸಿ ಬಾಂಗ್ಲಾದವನೇನೋ ಎಂದು ಕೇಳಿದರಂತೆ. "ಯಣ್ಣಾ, ನಮ್ದು ಸಿಂಧನೂರ್ರಿ, ಬೇಕಂದ್ರ ನಮ್ಮ ಗೌಡ್ರಿಗೆ ಫೋನ್ ಹಚ್ಚಿ ಕೊಡ್ಲ್ಯಾ?" ಎಂದನಂತೆ. ಆ ಭಾಷೆ ಕೇಳಿಯೇ ಬಿಟ್ಟರು. ಅದೇ ನಗರದ ಅಂಚಿನಲ್ಲಿ ಕಸ ಆಯ್ದು ಬದುಕುವ ಬಂಗಾಳಿ ಮಾತಿನ ಮುಸ್ಲಿಮರಿಗೆ ಫೋನ್ ಹಚ್ಚಲು ಒಬ್ಬ ಗೌಡರಿಲ್ಲ.

ಐದನೇ ಕ್ಯಾಂಪಿನವರ ಬಗ್ಗೆ ಯಾರೂ ಕೇಳುವುದೇ ಇಲ್ಲ. ಬಂಗಾಳಿಗಳು ಸುದ್ದಿಯಾದರು, ತಮಿಳರು ಆಗಲಿಲ್ಲ. ಹೊಸ ಕಾಯ್ದೆಯ ಮೂರು ದೇಶಗಳಲ್ಲಿ ಬರ್ಮಾ ಇಲ್ಲ. ಅಲ್ಲಿಂದ ಬಂದವರ ಹಳೆಯ ಕಾಗದ ಗಟ್ಟಿ ಇದ್ದರೆ ಬದುಕಿದರು, ಗೆದ್ದಲು ತಿಂದಿದ್ದರೆ ನಮ್ಮ ನೋಟರಿಯವರು ತಲೆ ಕೆರೆದುಕೊಳ್ಳುತ್ತಾರೆ.

ಇದನ್ನೆಲ್ಲ ಮಾಡುವಾಗ ನನಗೆ ನೆನಪಾಗುವುದು ಅಜ್ಜಿ ಹೇಳುತ್ತಿದ್ದ ರಜಾಕಾರರ ಕಾಲ, ಅಂದರೆ ನಿಜಾಮರ ಪರ ಆಯುಧ ಹಿಡಿದ ಪಡೆಯವರ ಹಾವಳಿಯ ಕಾಲ. ರಾಯಚೂರು, ಕೊಪ್ಪಳ ಆಗ ನಿಜಾಮರ ಹೈದರಾಬಾದಿನಲ್ಲಿದ್ದವು. ಹೊಳೆಯಾಚೆಯ ಬಳ್ಳಾರಿ ಮದ್ರಾಸಿಗೆ ಸೇರಿತ್ತು. 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರಿನವರೆಗೆ ನಮ್ಮ ಕಡೆಯವರು ಸಂಸಾರ ಕಟ್ಟಿಕೊಂಡು ಗಡಿ ದಾಟಿದರು. ಗಡಿಯಾಚೆ ಮುಂಡರಗಿ, ಗಜೇಂದ್ರಗಡದಂಥ ಕಡೆ ಹೋರಾಟದ ಶಿಬಿರಗಳಿದ್ದವು. ಮುಂಡರಗಿಯದನ್ನು ನಡೆಸಿದ ಅಳವಂಡಿ ಶಿವಮೂರ್ತಿಸ್ವಾಮಿ ಮುಂದೆ ಕೊಪ್ಪಳದಿಂದ ಲೋಕಸಭೆಗೆ ಹೋದರು. ಶಿಬಿರಗಳ ಇತಿಹಾಸವನ್ನು ಸೆಪ್ಟೆಂಬರ್ 17ರ ವಿಮೋಚನಾ ದಿನದ ಭಾಷಣಗಳಲ್ಲಿ ಕೇಳುತ್ತೇವೆ. ನಮ್ಮಜ್ಜಿ ಶಿಬಿರಕ್ಕೆ ಹೋದವಳಲ್ಲ. ಎರಡು ಕೂಸು ಕಟ್ಟಿಕೊಂಡು ತುಂಗಭದ್ರೆ ದಾಟಿ ಸಿರುಗುಪ್ಪದ ಕಡೆಯ ಯಾರದೋ ಮನೆಯ ಪಡಸಾಲೆಯಲ್ಲಿ ಸುಗ್ಗಿ ಮುಗಿಯುವವರೆಗೆ ಇದ್ದವಳು. ಆ ಮನೆಯವರು ನೆಂಟರಲ್ಲ, ಜಾತಿಯವರೂ ಅಲ್ಲ. ಪೊಲೀಸ್ ಪಟೇಲ ಬಂದು ಕೇಳಿದಾಗ ಯಜಮಾನ, "ನಮ್ಮ ಮನಿ ಮಂದಿ" ಎಂದನಂತೆ. ಭಾರತದ ಸೇನೆ ಹೈದರಾಬಾದನ್ನು ವಶಕ್ಕೆ ತೆಗೆದುಕೊಂಡ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಓಡುವ ಸರದಿ ಮುಸ್ಲಿಮರದಾಯಿತು. ಕಲಬುರಗಿ, ಬೀದರ ಕಡೆ ಏನು ನಡೆಯಿತೆಂದು ನೆಹರೂ ಸರ್ಕಾರ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿಯ ವರದಿಯಲ್ಲಿದೆ, ಅದನ್ನು ಭಾಷಣಗಳಲ್ಲಿ ಯಾರೂ ಓದುವುದಿಲ್ಲ. ಊರಿಗೆ ಮರಳಿದ್ದ ಅಜ್ಜಿ ಆಗ ತನ್ನ ದನದ ಕೊಟ್ಟಿಗೆಯಲ್ಲಿ ಬಳೆಗಾರನ ಸಂಸಾರವನ್ನು ಇಟ್ಟುಕೊಂಡಿದ್ದಳು. ಕೇಳಲು ಬಂದವರಿಗೆ ಅವಳು ಹೇಳಿದ್ದೂ ಅದೇ ಮಾತು.

ಕಂದಾಯದ ಹಿರಿಯರು ಕಳೆದ ಮಳೆಗಾಲದಲ್ಲಿ ಒಂದು ಅಫಿಡವಿಟ್ಟಿಗೆ ಸಹಿ ಹಾಕಿದರು, ತಮ್ಮ ಹೊಲಕ್ಕೆ ವರ್ಷಗಳಿಂದ ನಾಟಿಗೆ ಬರುವ ಹೆಂಗಸಿನದು. ಆಮೇಲೆ ಒಂದು ವಾರ ನಿದ್ದೆ ಮಾಡಲಿಲ್ಲವೆಂದು ಅವರ ಮನೆಯವರು ನನ್ನನ್ನೇ ಬೈದರು.

ಈಗ ಸಿಕ್ಕಿಹಾಕಿಕೊಂಡಿರುವುದು ಬೇರೆ ಕಡೆ. ಗಡಿಯಲ್ಲಿ ಕೊಟ್ಟ ಬಾರ್ಡರ್ ಸ್ಲಿಪ್ಪು, ಆಚೆ ಬಿಟ್ಟುಬಂದ ಜಮೀನಿನ ದಲೀಲು, ಶಾಲೆಯ ಚೀಟಿ ಹೀಗೆ ಟ್ರಂಕಿನ ತಳದಿಂದ ಕಾಗದ ಹೊರಬರುತ್ತಿವೆ. ಅರ್ಜಿಗೆ ಅವು ಬಂಗಾರ. ಆದರೆ ಎಲ್ಲ ಹಳೆಯ ಶೈಲಿಯ ಬಂಗಾಳಿ ಕೈಬರಹ. ಓದಬಲ್ಲ ಹಿರಿಯರಿಗೆ ಕಣ್ಣು ಕಾಣದು, ಕಣ್ಣಿರುವ ಮೊಮ್ಮಕ್ಕಳು ಓದುವುದು ಕನ್ನಡ. ಮಾಸ್ತರರು ಫೋಟೊ ತೆಗೆದು ಕೋಲ್ಕತ್ತದಲ್ಲಿರುವ ತಮ್ಮ ಹಳೆಯ ವಿದ್ಯಾರ್ಥಿಗೆ ಕಳಿಸುತ್ತಾರೆ, ಅವನು ಸಹೋದ್ಯೋಗಿಯಿಂದ ಓದಿಸಿ ವಾಟ್ಸ್ಆ್ಯಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾನೆ. ಬಿಡುವಾದಾಗ. ಐವತ್ತು ಅರವತ್ತು ವರ್ಷದ ಹಿಂದಿನ ಬಂಗಾಳಿ ದಸ್ತಾವೇಜು ಓದಬಲ್ಲವರು ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಯಾರಾದರೂ ಇದ್ದರೆ ತಿಳಿಸಿ. ಬಸ್ ಚಾರ್ಜು ನಾವು ಕೊಡುತ್ತೇವೆ. ಊಟ ಕ್ಯಾಂಪಿನಲ್ಲಿ, ಮೀನು ತಿನ್ನದವರಿಗೆ ನಮ್ಮ ಮನೆಯಲ್ಲಿ.